ಅಕ್ಕ ಹೇಳಿದ ಸಿನಿಮಾ

3 ನವೆಂಬರ್ 2025, ಸೋಮವಾರ

ನಿನ್ನೆ ಮಗಳು ಕಾವ್ಯಾ ಹಟ ಹಿಡಿದು ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಳು. ‘ಸಿಡಿಲು ಸಿದ್ಧರಾಜ’. ಹೆಸರು ಕೇಳಿದಾಗಲೇ ನನಗೆ ಸಂಶಯ ಬಂದಿತ್ತು. ಮೂರು ತಾಸು ಆ ಗಡ್ಡದವನು ಕಂಡಕಂಡವರನ್ನು ಎತ್ತಿ ಎತ್ತಿ ಒಗೆದ. ಯಾಕೆ ಒಗೆಯುತ್ತಿದ್ದಾನೆಂದು ಒಗೆಸಿಕೊಂಡವರಿಗೂ ಗೊತ್ತಾದಂತೆ ಕಾಣಲಿಲ್ಲ. ಅವನ ತಾಯಿಯಾಗಿ ಬಂದವಳು ಅವನಿಗಿಂತ ಸಣ್ಣವಳು, ತಲೆಗೆ ಒಂದಿಷ್ಟು ಬಿಳಿ ಬಳಿದು ನಿಲ್ಲಿಸಿದ್ದಾರೆ. ಇಡೀ ಚಿತ್ರದಲ್ಲಿ ಒಬ್ಬರೂ ಒಂದು ತುತ್ತು ಊಟ ಮಾಡಲಿಲ್ಲ. ಉಣ್ಣದ ಜನರ ಕಥೆಯನ್ನು ನಾನು ಹೇಗೆ ನಂಬಲಿ? ನಪಾಸ್.

ಇಷ್ಟನ್ನು ಮನೆಯಲ್ಲಿ ಹೇಳಲು ಹೋದೆ. ನಮ್ಮವರು, “ನಿನಗ ಸೇರೋ ಸಿನಿಮಾ ಇನ್ನೂ ಯಾರೂ ತಗದಿಲ್ಲ” ಎಂದು ಕೆಳಗೆ ಕಿರಾಣಿ ಅಂಗಡಿಗೆ ಇಳಿದರು. ಕಾವ್ಯಾ ಒಂದು ಹೊಸ ಡೈರಿ ತಂದು ಕೈಗಿಟ್ಟು, “ಮಮ್ಮಿ, ಇದರಾಗ ಬರಿ. ಯಾರಿಗೂ ತ್ರಾಸ ಇಲ್ಲ” ಎಂದಳು. ಸರಿ, ಬರೆಯುತ್ತೇನೆ. ವಿಜಾಪುರದ ಈ ಜೋರಾಪುರ ಪೇಟೆಯಲ್ಲಿ ನನ್ನಷ್ಟು ಸಿನಿಮಾ, ಧಾರಾವಾಹಿ ನೋಡಿದವರು ಯಾರಿದ್ದಾರೆ?

ಬಬಲೇಶ್ವರದಿಂದ ಅಕ್ಕನ ಮಗ ಶ್ರೀಮಂತ ಫೋನ್ ಮಾಡಿದ್ದ. ಅಕ್ಕನ ಗಂಟಲು ಒಡೆದು ಮೂರು ತಿಂಗಳಾದರೂ ಸರಿಯಾಗಿಲ್ಲವಂತೆ. ನಮ್ಮಲ್ಲಿಗೆ ಕರೆತಂದು ದೊಡ್ಡ ದವಾಖಾನೆಗೆ ತೋರಿಸುತ್ತಾನಂತೆ. ತಂಡಿಗೆ ಹಾಗಾಗಿರಬೇಕು.

6 ನವೆಂಬರ್, ಗುರುವಾರ

ತಂಡಿ ಅಲ್ಲ. ಗಂಟಲಲ್ಲಿ ಗಡ್ಡೆ, ಕೆಟ್ಟ ಜಾತಿಯದು.

ಡಾಕ್ಟರು ಒಳ್ಳೆಯ ಮನುಷ್ಯ, ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿದರು. “ದನಿಪೆಟ್ಟಿಗಿ ಪೂರಾ ತಗೀಬೇಕಾಗ್ತದ್ರಿ. ಉಸರಾಡಾಕ ಕುತ್ತಿಗ್ಯಾಗ ಒಂದ ತೂತ ಇಡ್ತೀವಿ. ಜೀವಕ್ಕ ಭರವಸಿ ಅದ. ಆದ್ರ ಮಾತು ಹೋಗ್ತದ.”

“ಹಂಗಾರ ಬ್ಯಾಡ್ರಿ,” ಎಂದಳು ಅಕ್ಕ. ಬೇಡದ ತರಕಾರಿಯವನನ್ನು ಸಾಗಹಾಕುವ ಹಾಗೆ.

“ತಡಾ ಮಾಡಿದ್ರ ಜೀವಾನ ಹೋಗ್ತದ್ರಿ ಅಮ್ಮಾ.”

“ಮಾತು ಹೋದಮ್ಯಾಲ ಜೀವಾ ಇಟ್ಕೊಂಡು ಏನ ಮಾಡ್ಲಿ? ಮೂಲ್ಯಾಗ ಒಳ್ಳಕಲ್ಲಿನಂಗ ಕೂಡ್ಲ್ಯಾ?”

ಶ್ರೀಮಂತ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನಗೆ ಎಂಟು ವರ್ಷವಾಗಿದ್ದಾಗ ನಮ್ಮವ್ವ ತೀರಿಕೊಂಡಳು. ಅಲ್ಲಿಂದ ಮುಂದೆ ನನಗೆ ಕೇಳಿಸಿದ್ದೆಲ್ಲ ಅಕ್ಕನ ದನಿಯೇ. ತಲೆ ಬಾಚುವಾಗ, ಸಾಲಿಗೆ ಅಟ್ಟುವಾಗ, ಬೈಯುವಾಗ. ಆ ದನಿ ಇರದ ಮನೆಯನ್ನು ನಾನು ಊಹಿಸಲಾರೆ. ಆದರೆ ದನಿ ಉಳಿಸಿಕೊಂಡು ಅಕ್ಕನನ್ನು ಕಳಕೊಳ್ಳುವುದು ಎಂಥ ಲೆಕ್ಕ?

7 ನವೆಂಬರ್, ಶುಕ್ರವಾರ

ಇನ್ನಷ್ಟು ತಪಾಸಣೆಗಳಿರುವುದರಿಂದ ಅಕ್ಕ ನಮ್ಮಲ್ಲೇ ಉಳಿದಿದ್ದಾಳೆ. ಸಂಜೆ ತಪ್ಪದೆ ಟಿ.ವಿ. ಮುಂದೆ. ‘ಎರಡು ಬಾಗಿಲ ಮನೆ’ ಎಂಬ ಧಾರಾವಾಹಿ ಅವಳ ಜೀವ.

ನನ್ನ ಅಭಿಪ್ರಾಯ ಇಲ್ಲಿ ದಾಖಲಾಗಲಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದಾರೆ. ಹಿರಿಯ ಸೊಸೆ ಮಂಗಳಾ ಒಂದು ಬಾಗಿಲಲ್ಲಿ, ಕಿರಿಯವಳು ಸುಲೋಚನಾ ಇನ್ನೊಂದರಲ್ಲಿ. “ನಿನ್ನ ಹೊಸ್ತಿಲು ತುಳಿದರೆ ಕೇಳು” ಎಂದು ಮಂಗಳಾ ಆಣೆ ಮಾಡಿ ಎರಡು ವರ್ಷವಾಯಿತು. ಆ ಎರಡು ವರ್ಷದಲ್ಲಿ ನಡೆದದ್ದು ಇಷ್ಟೇ: ಇವಳು ಅವಳನ್ನು ನೋಡುತ್ತಾಳೆ, ಅವಳು ಇವಳನ್ನು ನೋಡುತ್ತಾಳೆ, ಗುಡುಗು ಬಡಿಯುತ್ತದೆ, ಜಾಹೀರಾತು ಬರುತ್ತದೆ. ಮಲಗುವಾಗಲೂ ಮೈತುಂಬ ಬಂಗಾರ. ನಪಾಸ್, ನಪಾಸ್.

ಅಕ್ಕನಿಗೆ ಹಾಗೇ ಹೇಳಿದೆ. ಒಡೆದ ದನಿಯಲ್ಲಿ ಬೈದಳು. “ನಿನಗ ಬರೀ ತಪ್ಪ ಹುಡುಕೂದ ಗೊತ್ತು. ಆಕಿ ಮನಸಿನ್ಯಾಗ ಏನ ನಡದೈತಿ ನೋಡಬೇಕಲ್ಲ ಬೇ.”

10 ನವೆಂಬರ್, ಸೋಮವಾರ

ಇವತ್ತು ಏನೂ ನೋಡಲಿಲ್ಲ. ತವರೂರು ಟಿಕೋಟಾ ನೆನಪಾಗುತ್ತಲೇ ಇದೆ.

ನಮ್ಮ ಓಣಿಯ ಹೆಂಗಸರಿಗೆ ಆಗ ವಿಜಾಪುರದ ಟಾಕೀಸು ಅಂದರೆ ಕಾಶಿ ಇದ್ದಂತೆ. ಅಲ್ಲಿಗೆ ಹೋಗಿ ಬರುತ್ತಿದ್ದವಳು ಅಕ್ಕ ಒಬ್ಬಳೇ. ನಮ್ಮ ಸೋದರಮಾವ ಬಸಗೊಂಡಪ್ಪ ಅಡತಿ ಅಂಗಡಿಯ ಕೆಲಸಕ್ಕೆ ಹೋಗುವಾಗ ಅವಳನ್ನು ಕರೆದುಕೊಂಡು ಹೋಗಿ, ಟಾಕೀಸಿನಲ್ಲಿ ಕೂರಿಸಿ, ಬಿಟ್ಟ ಮೇಲೆ ಕರೆತರುತ್ತಿದ್ದ. ಮರುದಿನ ಇಳಿಹೊತ್ತಿಗೆ ನಮ್ಮ ಮನೆಯ ಕಟ್ಟೆ ತುಂಬುತ್ತಿತ್ತು. ಹೆಂಗಸರು ಮೊರದಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತ ಕೂರುವರು, ಅಕ್ಕ ನಡುವೆ ಕೂತು ಇಡೀ ಸಿನಿಮಾ ಹೇಳುವಳು. ಹಾಡಿನ ಕಡೆ ಹಾಡು, ಬಡಿದಾಟದ ಕಡೆ ಮೊರ ಬಡಿಯುವುದು. ಸಿನಿಮಾ ಹೇಳುವ ದಿನ ಅವಳಿಗೆ ರೊಟ್ಟಿ ಬಡಿಯುವ ಪಾಳಿ ಇಲ್ಲ, ಓಣಿಯವರೇ ಯಾರಾದರೂ ನಮ್ಮ ಮನೆಗೆ ನಾಲ್ಕು ರೊಟ್ಟಿ ಬಡಿದು ಕೊಡಬೇಕು. ಅದು ಕಟ್ಟಳೆ.

ಇನ್ನೊಂದು ಕಟ್ಟಳೆ, ಹ್ಞೂಂ ಅನ್ನುವುದು. ಹ್ಞೂಂ ಅನ್ನುವವರಿಲ್ಲದೆ ಕಥೆ ಮುಂದೆ ಹೋಗಬಾರದು. ಆ ಕೆಲಸ ನನ್ನದು. ಅಕ್ಕನ ಮೊಣಕಾಲಿಗೆ ಒರಗಿ ಕೂತು ಮಾತಿಗೊಮ್ಮೆ “ಹ್ಞೂಂ” ಅನ್ನುತ್ತಿದ್ದೆ. ನಿದ್ದೆ ಬಂದು ಒಂದು ಹ್ಞೂಂ ತಪ್ಪಿದರೆ ಅಕ್ಕ ನಿಲ್ಲಿಸಿಬಿಡುವಳು, ಹೆಂಗಸರೆಲ್ಲ ನನ್ನನ್ನು ಚಿವುಟುವರು.

ನಾನು ಮದುವೆಯಾಗಿ ಈ ಪೇಟೆಗೆ ಬಂದಾಗ ಮನೆಯಲ್ಲಿ ಟಿ.ವಿ. ಇತ್ತು. ಭಾನುವಾರ ಸಂಜೆ ಸಿನಿಮಾಕ್ಕೆ ಇಡೀ ಓಣಿ ನಮ್ಮ ಪಡಸಾಲೆಯಲ್ಲಿ. ಎಷ್ಟೋ ಒಳ್ಳೆಯ ಚಿತ್ರ ನೋಡಿದೆ. ಆದರೂ ನನಗೆ ಎಲ್ಲಕ್ಕಿಂತ ಇಷ್ಟವಾದ ಸಿನಿಮಾ ಯಾವುದೆಂದರೆ ನಾನು ನೋಡಿಯೇ ಇಲ್ಲದ್ದು: ‘ದೇವಕಿಯ ಹಾದಿ’. ಅಕ್ಕ ಹೇಳಿದ್ದು. ಅತ್ತೆ ಮನೆಯಿಂದ ಹೊರಹಾಕಿದ ದೇವಕಿ ಕೂಸನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ತುಂಬಿದ ಹೊಳೆ ದಾಟುತ್ತಾಳೆ. ಆಚೆ ದಂಡೆಯಲ್ಲಿ ಖಾನಾವಳಿ ಇಡುತ್ತಾಳೆ. ವರ್ಷಗಳಾದ ಮೇಲೆ ಗಂಡ ಹಸಿದು ಅಲ್ಲಿಗೇ ಬರುತ್ತಾನೆ, ಗುರುತು ಸಿಗುವುದಿಲ್ಲ. ದೇವಕಿ ಎಲೆ ಹಾಕಿ, “ಕೈ ತೊಳ್ಕೊಂಡ ಕೂಡ್ರಿ. ಇಲ್ಲಿ ಯಾರನ್ನೂ ಹಸಿದ ಹೊಟ್ಟೀಲೆ ಹೊರಗ ಹಾಕೂದಿಲ್ಲ” ಅನ್ನುತ್ತಾಳೆ. ಆ ಮಾತಿಗೆ ಓಣಿಯ ಹೆಂಗಸರೆಲ್ಲ ಶೇಂಗಾ ಬಿಟ್ಟು ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪಾಸ್. ನೂರಕ್ಕೆ ನೂರು.

15 ನವೆಂಬರ್, ಶನಿವಾರ

ಅಕ್ಕ ಬಬಲೇಶ್ವರಕ್ಕೆ ಹೊರಟುಹೋದಳು. ತಪಾಸಣೆಯ ಫಲಿತಾಂಶ ಬಂದಿದೆ, ಆಪರೇಷನ್ ಬೇಗ ಆಗಲೇಬೇಕು. “ಮನ್ಯಾವ್ರು ನೀವ ಒಪ್ಪಿಸ್ರಿ” ಎಂದರು ಡಾಕ್ಟರು. ಯಾರು ಒಪ್ಪಿಸಬೇಕು? ನಾನು ಅತ್ತೆ, ಬೈದೆ, ಕೈ ಹಿಡಿದೆ. ಶ್ರೀಮಂತ ಕಾಲಿಗೆ ಬಿದ್ದ. ಅವನ ಹೆಂಡತಿ ಗೀತಾಂಜಲಿ ಊಟ ಬಿಟ್ಟಳು. ಅಕ್ಕ ಸೊಸೆಗೆ ತುತ್ತು ಮಾಡಿ ಉಣಿಸಿದಳೇ ಹೊರತು ಹೂಂ ಅನ್ನಲಿಲ್ಲ.

19 ನವೆಂಬರ್, ಬುಧವಾರ

ಹೊಸ ಅಡುಗೆ ಕಾರ್ಯಕ್ರಮ ನೋಡಿದೆ. ಜೋಳದ ರೊಟ್ಟಿಗೆ ಮೈದಾ ಬೆರೆಸಿದರು. ಬಂದ್ ಮಾಡಿದೆ.

23 ನವೆಂಬರ್, ಭಾನುವಾರ

ಕಾವ್ಯಾ ನನ್ನ ಮುಖ ನೋಡಲಾರದೆ ಒಂದು ಕೆಲಸ ಮಾಡಿದಳು. ಎಲ್ಲೆಲ್ಲೋ ಹುಡುಕಿ ‘ದೇವಕಿಯ ಹಾದಿ’ಯನ್ನು ಮೊಬೈಲಿನಲ್ಲಿ ತೆಗೆದುಕೊಟ್ಟಳು. ಕಪ್ಪು ಬಿಳುಪು, ನಡುನಡುವೆ ಗೀರು, ದನಿ ಕೊಳವೆಯಿಂದ ಬಂದಂತೆ. ನೋಡುತ್ತ ಕೂತವಳಿಗೆ ನಮ್ಮವರು ಚಹಾ ಕೇಳಿದ್ದು ಕೂಡ ಕಿವಿಗೆ ಬೀಳಲಿಲ್ಲ.

ಏನು ಹೇಳಲಿ. ಅದು ಆ ಸಿನಿಮಾ ಅಲ್ಲ.

ದೇವಕಿ ಇದ್ದಾಳೆ, ಅತ್ತೆ ಇದ್ದಾಳೆ, ಹೊಳೆಯೂ ಇದೆ. ಆದರೆ ಹೊಳೆಗೆ ಇಳಿದ ದೇವಕಿ ಮೇಲೆ ಬರುವುದೇ ಇಲ್ಲ. ಎರಡು ಕೈ ನೀರಿನ ಮೇಲೆ ಕಾಣಿಸುತ್ತವೆ, ಆಮೇಲೆ ಅವೂ ಇಲ್ಲ. ಬುಟ್ಟಿ ತೇಲಿಹೋಗಿ ಯಾರದೋ ಕೈಗೆ ಸಿಗುತ್ತದೆ. ಗಂಡ ದಂಡೆಯ ಮೇಲೆ ನಿಂತು ಉದ್ದಾನೆಯ ಹಾಡು ಹಾಡುತ್ತಾನೆ. ಮುಕ್ತಾಯ. ಖಾನಾವಳಿ ಇಲ್ಲ. ಎಲೆ ಇಲ್ಲ. ಕೈ ತೊಳೆದುಕೊಂಡು ಕೂಡ್ರಿ ಅನ್ನುವ ಮಾತೂ ಇಲ್ಲ.

ಮತ್ತೊಂದು ಸಲ ಕೊನೆಯ ಭಾಗ ಹಾಕಿ ನೋಡಿದೆ, ನಡುವೆ ಕತ್ತರಿಸಿರಬಹುದೆಂದು. ಏನೂ ಕತ್ತರಿಸಿಲ್ಲ. ಇಷ್ಟು ವರ್ಷ ನಾನು ಎಂಥೆಂಥ ಚಿತ್ರಗಳನ್ನು ಈ ಸಿನಿಮಾದ ಪಕ್ಕ ನಿಲ್ಲಿಸಿ ನಪಾಸ್ ಮಾಡಿದ್ದೆ. ಸಿಟ್ಟು ಬಂದಿದೆ, ಯಾರ ಮೇಲೆಂದು ತಿಳಿಯುತ್ತಿಲ್ಲ.

26 ನವೆಂಬರ್, ಬುಧವಾರ

ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂತಿದ್ದಳು. ದನಿ ಇನ್ನೂ ಇಳಿದಿದೆ, ಈಗ ಪಿಸುಮಾತಿಗಿಂತ ಸ್ವಲ್ಪ ಮೇಲೆ.

“ಅಕ್ಕಾ, ದೇವಕಿ ಹೊಳ್ಯಾಗ ಸಾಯ್ತಾಳ,” ಎಂದೆ. ನೀರು ಸಹ ಕುಡಿದಿರಲಿಲ್ಲ.

“ನೋಡಿದೇನು?” ಎಂದಳು. ಒಂದಿಷ್ಟೂ ಗಾಬರಿಯಾಗಲಿಲ್ಲ. “ಬಾಳ ಅತ್ತಿರಬೇಕ ನೀ.”

“ಖಾನಾವಳಿ ಎಲ್ಲಿಂದ ತಂದಿ?”

ಅಕ್ಕ ಒಂದೊಂದೇ ಕಡ್ಡಿ ಬಿಡಿಸುತ್ತ ಹೇಳಿದಳು. “ಅವ್ವ ಹೋಗಿ ಆರ ತಿಂಗಳಾಗಿತ್ತು. ನೀ ನನ್ನ ಮಣಕಾಲಿಗೆ ಆತು ಕುಂತಿದ್ದಿ, ಹ್ಞೂಂ ಹ್ಞೂಂ ಅನಕೋತ. ಹೊಳಿತನಕ ಹೇಳ್ಕೋತ ಬಂದ್ನಿ. ಅಲ್ಲಿ ನಿನ್ನ ಮಾರಿ ನೋಡಿದ್ನಿ. ಕೂಸಿನ ಅವ್ವ ಮುಣಗಿ ಸತ್ಲು ಅಂತ ಹೆಂಗ ಹೇಳ್ಲಿ? ಬಾಯಾಗ ಬರ್ಲಿಲ್ಲ. ದಾಟಿಸಿಬಿಟ್ನಿ. ದಾಟಿಸಿದ ಮ್ಯಾಲ ಆಕೀಗಿ ಹೊಟ್ಟೀಗಿ ಏನರ ಬೇಕಲ್ಲ. ಅದಕ್ಕ ಖಾನಾವಳಿ.”

ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬೈದೆ. ದೇವಕಿಯನ್ನು ಹೊಳೆ ದಾಟಿಸಿದವಳು ತಾನು ಮಾತ್ರ ದಂಡೆಯ ಮೇಲೆ ಕೂತು ಸಾಯುತ್ತೇನೆ ಅನ್ನುತ್ತಾಳಲ್ಲ ಎಂದೆ. ಅಕ್ಕ ನನ್ನ ಮಾತು ಕೇಳಿಸಿಕೊಂಡು, “ಅದು ಸಿನಿಮಾ ಬೇ ರಾಜೀ” ಎಂದಳು, ಗಂಟಲು ಹಿಡಿದುಕೊಂಡು ಕೆಮ್ಮಿದಳು, ಕೆಮ್ಮು ನಿಲ್ಲಲೇ ಇಲ್ಲ. ಗೀತಾಂಜಲಿ ಓಡಿ ಬಂದು ಬೆನ್ನು ನೀವಿದಳು.

ನನಗೆ ಅತಿ ಇಷ್ಟವಾದ ಸಿನಿಮಾವನ್ನು ತೆಗೆದವಳು ಅಕ್ಕ. ಇಷ್ಟು ಬರೆದಿಡುತ್ತೇನೆ.

2 ಡಿಸೆಂಬರ್, ಮಂಗಳವಾರ

ಫೋನಿನಲ್ಲಿ ಜಗಳ. “ನೀ ಹಟಮಾರಿ” ಎಂದೆ. “ನೀ ನನ್ನ ತಂಗಿ” ಎಂದಳು. ಇಟ್ಟುಬಿಟ್ಟೆ.

9 ಡಿಸೆಂಬರ್, ಮಂಗಳವಾರ

ಬಬಲೇಶ್ವರದಲ್ಲಿ ಅಕ್ಕನ ಮನೆಯ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ, ಹಗಲು ಒಂದಿಷ್ಟು ಹೊತ್ತು ಕರೆಂಟ್, ಸಂಜೆ ಇಲ್ಲ. ಅಕ್ಕನಿಂದ ಫೋನ್. ಜಗಳ ಮರೆತೇಹೋಗಿತ್ತು ಅವಳಿಗೆ. “ನಿನ್ನೆ ಮಂಗಳಾ ಏನ ಮಾಡಿದ್ಲ?”

ನಾನು ಆ ಧಾರಾವಾಹಿ ನೋಡುವುದಿಲ್ಲ. ಆದರೆ ನಿನ್ನೆ ಟಿ.ವಿ. ಹಚ್ಚಿದ್ದಾಗ ಅದೇ ಇತ್ತು, ನೋಡಿದ್ದೆ. “ಸುಲೋಚನಾಗ ದಿನಾ ತುಂಬ್ಯಾವ. ಗಂಡ ಊರಾಗಿಲ್ಲ. ಮಂಗಳಾ ಗ್ವಾಡಿಗೆ ಕಿವಿ ಹಚ್ಚಿ ನಿಂತಾಳ. ಮುಗೀತು,” ಎಂದೆ.

ಆಚೆಯಿಂದ ಅಕ್ಕ ಬೈದಳು. “ಹಿಂಗ ಹೇಳ್ತಾರೇನ ಬೇ? ಸಾಮಾನಿನ ಚೀಟಿ ಓದಿದಂಗ?”

ಅಂಗಡಿಯವನ ಹೆಂಡತಿ, ಮತ್ತೆ ಹೇಗೆ ಹೇಳಲಿ.

11 ಡಿಸೆಂಬರ್, ಗುರುವಾರ

ಮೂರು ಕಂತು ಬಾಕಿಯಾಗಿವೆಯೆಂದು ಅಕ್ಕ ಗೀತಾಂಜಲಿಯ ಕೈಲಿ ಫೋನ್ ಮಾಡಿಸಿದಳು. ನಮ್ಮವರಿಗೆ ಬುತ್ತಿ ಕಟ್ಟಿಟ್ಟು ಹೊರಟೆ. ಮಂಗಳಾಳ ಸಲುವಾಗಿ ಬಸ್ಸಿನಲ್ಲಿ ನಿಂತುಕೊಂಡು ಹೋದ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಇಳಿಹೊತ್ತಿಗೆ ಅಂಗಳದಲ್ಲಿ ಕೂತು ಹೇಳತೊಡಗಿದೆ. ಅಕ್ಕ ತಡೆದಳು. “ಮೊದಲ ಮನಿ ತೋರ್ಸು. ಬೆಳಕ ಎಲ್ಲಿಂದ ಬರಾಕತ್ತೈತಿ, ಒಲಿ ಹತ್ತೈತ್ಯೋ ಇಲ್ಲೋ. ಮನಷ್ಯಾರು ಆಮ್ಯಾಲ.” ಮತ್ತೆ ಶುರು ಮಾಡಿದೆ. ಮತ್ತೆ ತಡೆದಳು. “ಲಗೂ ಹೇಳಬ್ಯಾಡ. ಆಕಿ ಬಾಗಲಾ ತಗೀತಾಳಂದ್ರ ನಮಗ ಬಾಗಲಾ ಕಾಣಬೇಕ.” ಇಷ್ಟು ಮಾತಾಡುವಷ್ಟರಲ್ಲಿ ಅವಳ ಗಂಟಲು ಉರಿಯತೊಡಗಿತು. ಹ್ಞೂಂ ಅನ್ನಲೂ ನೋವು. ಅದಕ್ಕೆ ಮಂಚದ ಕಟ್ಟಿಗೆಗೆ ಬಳೆ ತಾಕಿಸತೊಡಗಿದಳು. ಒಂದು ಟಕ್ ಅಂದರೆ ಒಂದು ಹ್ಞೂಂ.

ನನಗೆ ಇದು ಒಗ್ಗುವ ಕೆಲಸವಲ್ಲ. ನಾನು ನೋಡಿ ತಪ್ಪು ಹೇಳುವವಳು. ಆದರೂ ಮೂರನೆಯ ಕಂತಿಗೆ ಬರುವ ಹೊತ್ತಿಗೆ ಗೀತಾಂಜಲಿ ಒಲೆಯ ಮೇಲಿನ ಹಾಲು ಮರೆತಳು, ಉಕ್ಕಿಹೋಯಿತು. ಪಕ್ಕದ ಮನೆಯ ಹೊಳೆವ್ವಜ್ಜಿ ಎಮ್ಮೆ ಹಿಡಿದುಕೊಂಡೇ ಬೇಲಿಯ ಬಳಿ ನಿಂತಿದ್ದಳು. ಮುದುಕಿಗೆ ಬೇರೆ ಕೆಲಸವಿಲ್ಲ.

ಸುಲೋಚನಾ ಬೇನೆ ತಿನ್ನುವಾಗ ದೀಪ ಆರಿತು ಎಂದು ಹೇಳಿದೆ. ಧಾರಾವಾಹಿಯಲ್ಲಿ ಆರಿತ್ತೋ ಇಲ್ಲವೋ ಸರಿಯಾಗಿ ನೆನಪಿಲ್ಲ.

19 ಡಿಸೆಂಬರ್, ಶುಕ್ರವಾರ

ಎಳ್ಳಮಾವಾಸ್ಯೆ. ಶ್ರೀಮಂತನ ಹೊಲಕ್ಕೆ, ಭೂಮಿತಾಯಿಗೆ ಎಡೆಯಿಟ್ಟು ಚರಗ ಚೆಲ್ಲಲು ಎಲ್ಲರೂ ಹೋದೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ಹಸಿರು ಜೋಳದಲ್ಲಿ ಶ್ರೀಮಂತ “ಹುಲ್ಲುಲ್ಲಿಗೋ” ಅನ್ನುತ್ತ ಚರಗ ಚೆಲ್ಲಿದ, ಹಿಂದಿನವರೆಲ್ಲ “ಸಲಾಂಬ್ರಿಗೋ” ಎಂದರು. ಅಕ್ಕ ಬಾಯಿ ಆಡಿಸಿದಳು, ದನಿ ಬರಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಅಕ್ಕನ ಮನೆಗೆ ಸಂಜೆ ಕರೆಂಟ್ ಇನ್ನೂ ಬಂದಿಲ್ಲ. ಉಂಡ ಮೇಲೆ ಬೇವಿನ ನೆರಳಲ್ಲಿ ಕೂತು ವಾರದ ಕಂತುಗಳನ್ನೆಲ್ಲ ಹೇಳಿದೆ. ಮೊದಲು ಮನೆ, ಆಮೇಲೆ ಬೆಳಕು, ಆಮೇಲೆ ಮಂಗಳಾ. ಅಕ್ಕ ಕಂಬಳಿಯ ಮೇಲೆ ಒರಗಿ, ತಾಟಿಗೆ ಬಳೆ ತಾಕಿಸುತ್ತ ಕೇಳಿದಳು. ಬಿಸಿಲು ಇಳಿಯುವ ತನಕ ಒಂದೇ ಒಂದು ಮಾತಾಡಲಿಲ್ಲ. ಹೊಲದವರು, ಬೀಗರು, ಎಲ್ಲರೂ ಸುತ್ತ ಕೂತಿದ್ದರು.

ಬುಟ್ಟಿ ಕಟ್ಟುವಾಗ ನನ್ನನ್ನು ಹತ್ತಿರ ಕರೆದಳು. ಕಿವಿ ಅವಳ ಬಾಯಿಗೆ ಹಿಡಿದೆ.

“ಇವತ್ತ ನಾ ಬಾಯಿ ಬಿಟ್ಟೇನೇನ?”

“ಇಲ್ಲ.”

“ಕತಿ ನಿಂತೇನ?”

“ಇಲ್ಲಕ್ಕಾ.”

“ಡಾಕ್ಟರಗ ಫೋನ್ ಹಚ್ಚು.”

ನಾನು ಶ್ರೀಮಂತನನ್ನು ಕೂಗಿದೆ. ಅವನು ಓಡುತ್ತ ಬಂದು ಕೇಳಿ, ಹೊಲದಲ್ಲೇ ಕೂತು ಅತ್ತ. ಅವನು ಕಾಲಿಗೆ ಬಿದ್ದದ್ದು ಫಲ ಕೊಟ್ಟಿತು. ತಾಯಿ ಕರುಳು, ಮಗನ ಕಣ್ಣೀರು ಎಷ್ಟು ದಿನ ತಡೆದೀತು.

28 ಡಿಸೆಂಬರ್, ಭಾನುವಾರ

ನಾಳೆ ಆಪರೇಷನ್. ದವಾಖಾನೆಯಲ್ಲಿದ್ದೇವೆ. ಶ್ರೀಮಂತ ಮೊಬೈಲು ಹಿಡಿದು, “ಯವ್ವಾ, ಏನರ ಮಾತಾಡ. ಇಟ್ಕೊತೀನಿ,” ಎಂದ. ಅಕ್ಕ ಅವನನ್ನೇ ನೋಡಿ, “ಏನ ಮಾತಾಡ್ಲಿ? ಭಾಷಣ ಮಾಡ್ಲ್ಯಾ? ನಿನ್ನ ಅಂಗಿ ಗುಂಡಿ ಹರದೈತಿ ನೋಡ್ಕೊ,” ಎಂದಳು. ಅಷ್ಟೇ ಉಳಿಯಿತು ಅದರಲ್ಲಿ. ಅವನು ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದಾನೆ.

ನರ್ಸ್ ಬಂದು ಬಳೆ ತೆಗೆಸಿದಳು. ಅಕ್ಕ ಅವನ್ನು ನನ್ನ ಸೆರಗಿನಲ್ಲಿ ಕಟ್ಟಿದಳು.

ನನಗೆ ಹೆದರಿಕೆಯಾಗಿದೆ. ಬೇರೆ ಏನೂ ಬರೆಯಲು ತೋಚುವುದಿಲ್ಲ.

29 ಡಿಸೆಂಬರ್, ಸೋಮವಾರ

ಒಳಗೆ ಒಯ್ಯುವಾಗ ಸ್ಟ್ರೆಚರಿನಿಂದ ಕೈ ಮಾಡಿ ಕರೆದಳು. ಬಗ್ಗಿದೆ. “ಚಪ್ಪಲಿ ಒಳಗ ಇಡು. ಯಾರರ ಒಯ್ದಾರು,” ಎಂದಳು.

ಅದೇ ಕೊನೆಯ ಮಾತು. ಸಂಜೆ ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದರು.

2 ಜನವರಿ 2026, ಶುಕ್ರವಾರ

ಐಸಿಯುವಿನಿಂದ ವಾರ್ಡಿಗೆ ತಂದಿದ್ದಾರೆ. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ನಳಿಗೆ. ಗಡ್ಡೆ ಪೂರ್ತಿ ತೆಗೆದಿದ್ದಾರಂತೆ. ನಾವೆಲ್ಲ ಸಂತೋಷಪಡಬೇಕು.

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನಾಲ್ಕನೆಯ ಇಯತ್ತೆ ಕಲಿತವಳು, ಬರೆಯಲು ಬರುತ್ತದೆ ಎಂದು ಕಾವ್ಯಾ ಪಾಟಿ ಬಳಪ ತಂದಿಟ್ಟಿದ್ದಾಳೆ. ಮುಟ್ಟಲಿಲ್ಲ. ಶ್ರೀಮಂತ ಕರೆದರೂ ತಿರುಗಲಿಲ್ಲ. ಒಮ್ಮೆ ಕೆಮ್ಮು ಬಂತು, ಕೆಮ್ಮಿಗೂ ದನಿ ಇಲ್ಲ. ಆಗ ಅವಳ ಕಣ್ಣು ನೋಡಿದೆ. ನಾನು ಒತ್ತಾಯ ಮಾಡಿ ಇವಳನ್ನು ಎಂಥ ಜಾಗಕ್ಕೆ ತಂದೆನೋ ಅನ್ನಿಸಿತು.

4 ಜನವರಿ, ಭಾನುವಾರ

ಹಾಗೇ ಇದ್ದಾಳೆ. “ಮನಸು ಗಟ್ಟಿ ಮಾಡ್ಕೊಬೇಕ್ರಿ ಅವರು. ಔಷಧ ನಾವು ಕೊಡ್ತೀವಿ, ಮನಸು ನಾವು ಕೊಡಾಕ ಬರೂದಿಲ್ಲ,” ಎಂದರು ಡಾಕ್ಟರು.

6 ಜನವರಿ, ಮಂಗಳವಾರ

ನಿನ್ನೆ ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ ಬರುವಾಗ ಟಿ.ವಿ.ಯಲ್ಲಿ ‘ಎರಡು ಬಾಗಿಲ ಮನೆ’ ಹತ್ತಿತ್ತು. ತಿಂಗಳಾಗುತ್ತ ಬಂದರೂ ಸುಲೋಚನಾಳ ಬೇನೆ ಇನ್ನೂ ಮುಗಿದಿಲ್ಲ. ನಿಂತುಕೊಂಡೇ ನೋಡಿದೆ, ಸೀರೆಯ ನೆರಿಗೆ ಕೈಯಲ್ಲೇ ಇತ್ತು.

ಇವತ್ತು ಮಧ್ಯಾಹ್ನ ವಾರ್ಡು ಸುಮ್ಮನಿತ್ತು. ಅಕ್ಕನ ಬೆನ್ನು ನನ್ನ ಕಡೆ. ಏನು ಮಾಡಬೇಕೋ ತಿಳಿಯದೆ ಆ ಬೆನ್ನಿಗೇ ಹೇಳತೊಡಗಿದೆ. “ಮನಿ ತುಂಬ ಕತ್ಲಿ ಐತಿ ಅಕ್ಕಾ. ಮಳಿ. ಈ ಕಡಿ ಒಲಿ ಆರೈತಿ, ಆ ಕಡಿ ಒಂದ ಬುಡ್ಡಿ ಮಿಣಮಿಣ ಅನ್ನಾಕತ್ತೈತಿ. ಗ್ವಾಡಿ ಆಚೆ ಸುಲೋಚನಾ ಒಬ್ಬಾಕೀನ ಚೀರಾಕತ್ತಾಳ...”

ಅಕ್ಕ ಅಲುಗಲಿಲ್ಲ. ಹ್ಞೂಂ ಇಲ್ಲ, ಬಳೆ ನನ್ನ ಚೀಲದಲ್ಲಿವೆ. ನನ್ನ ದನಿ ನನಗೇ ಬೋಳಾಗಿ ಕೇಳಿಸಿತು. ನಿಲ್ಲಿಸಿದೆ.

“ಹ್ಞೂಂ, ಮುಂದ ಏನಾತ್ರಿ?” ಅಂದರು ಯಾರೋ. ಪಕ್ಕದ ಹಾಸಿಗೆಯ ಮುದುಕಿಯನ್ನು ನೋಡಿಕೊಳ್ಳಲು ಬಂದಿರುವ ಸೊಸೆ, ಹೀನಾ. ಸ್ಟೂಲು ಎಳೆದುಕೊಂಡು ಹತ್ತಿರ ಬಂದಳು. “ನಮ್ಮ ಅತ್ತೀನೂ ಕೇಳಾಕತ್ತಾರ್ರಿ. ಜರಾ ಜೋರ ಹೇಳ್ರಿ.”

ಜೋರಾಗಿ ಹೇಳಿದೆ. ಮಂಗಳಾ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಾಳೆ. ಎರಡು ವರ್ಷದ ಆಣೆ. ಹ್ಞೂಂ, ಅಂದಳು ಹೀನಾ. ಗೋಡೆಗೆ ಕಿವಿ ಇಡುತ್ತಾಳೆ, ಆಚೆಯ ಕೂಗು ಸಣ್ಣದಾಗುತ್ತಿದೆ. ಹ್ಞೂಂ. ಸಣ್ಣದಾಗುವುದೆಂದರೆ ಏನೆಂದು ಹಡೆದ ಹೆಂಗಸಿಗೆ ಗೊತ್ತು. ಯಾ ಅಲ್ಲಾ, ಎಂದಳು ಆಚೆ ಹಾಸಿಗೆಯ ಮುದುಕಿ. ಮಂಗಳಾ ತನ್ನ ಬಾಗಿಲು ತೆಗೆಯುತ್ತಾಳೆ, ಮಳೆಯಲ್ಲಿ ಅಂಗಳ ಸುತ್ತಿಕೊಂಡು ಆ ಬಾಗಿಲಿಗೆ ಬರುತ್ತಾಳೆ. ಹೊಸ್ತಿಲ ಮುಂದೆ ನಿಲ್ಲುತ್ತಾಳೆ. ಕಾಲು ಎತ್ತುತ್ತಾಳೆ...

ಹಾಸಿಗೆ ಕಿರುಗುಟ್ಟಿತು. ಅಕ್ಕ ತಿರುಗುತ್ತಿದ್ದಳು. ನಳಿಗೆ ಸರಿಪಡಿಸಲು ಕೈ ಹಾಕಿದೆ, ನನ್ನ ಕೈ ಬದಿಗೆ ಸರಿಸಿದಳು. ಪಾಟಿ ಬೇಕೆಂದು ಬೆರಳು ಮಾಡಿದಳು. ಕೊಟ್ಟೆ. ಬಳಪ ಹಿಡಿದು, ಅಕ್ಷರ ನೆನಪು ಮಾಡಿಕೊಳ್ಳುತ್ತ ನಿಧಾನವಾಗಿ ಬರೆದಳು. ನೋವೋ, ನೀರು ಬೇಕೋ, ಮನೆಗೆ ಒಯ್ಯಿರಿ ಅನ್ನುತ್ತಾಳೋ ಎಂದು ಬಗ್ಗಿ ನೋಡಿದೆ. ಪಾಟಿ ನನ್ನ ಕಡೆ ತಿರುಗಿಸಿದಳು.

‘ಸೀರಿ ಯಾವದ?’

ಮಂಗಳಾ ಯಾವ ಸೀರೆ ಉಟ್ಟಿದ್ದಳು? ಅವಸರದಲ್ಲಿ ನಿಂತು ನೋಡಿದ ನನಗೆ ಆ ಸೀರೆಯ ಬಣ್ಣ ನೆನಪೇ ಇರಲಿಲ್ಲ. ಅಕ್ಕ ಹುಬ್ಬು ಗಂಟುಹಾಕಿ ಕಾಯುತ್ತಿದ್ದಳು. ಹೀನಾಳೂ ಕಾಯುತ್ತಿದ್ದಳು.

“ಇಳಕಲ್ ಸೀರಿ,” ಎಂದೆ. “ನವಿಲಿನ ಕತ್ತಿನ ಬಣ್ಣ. ಕೆಂಪ ಸೆರಗ. ಮಳ್ಯಾಗ ತೋದು ಮೈಗೆ ಹತ್ತೈತಿ.”

ಅಕ್ಕ ಕಣ್ಣು ಮುಚ್ಚಿದಳು. ಸೀರೆ ಅವಳಿಗೆ ಸರಿಬಂದಿರಬೇಕು. ಪಾಟಿಯನ್ನು ಅಂಗೈಯಿಂದ ಒರೆಸಿ ಎದೆಯ ಮೇಲೆ ಇಟ್ಟುಕೊಂಡು, ಹೇಳು ಎಂದು ನನಗೆ ಕೈ ಮಾಡಿದಳು.